ಅಂತರ್ಯುದ್ಧ ಕಾಲದ ಲಕೋಟೆಗಳು: ಒಂದು ಅಪ್ರೂವಲ್ ಸೇವೆಯೊಡನೆ ಮೂರು ವರ್ಷ

ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಕಾಲದ ಅಂಚೆಚೀಟಿ ಮತ್ತು ಲಕೋಟೆಗಳನ್ನು ಮಾತ್ರ ಮಾರುವ ಅಲ್ಲಿನ ವ್ಯಾಪಾರಿಯೊಬ್ಬರ ಅಪ್ರೂವಲ್ ಸೇವೆಗೆ ನಾನು ಸೇರಿ ಮೂರು ವರ್ಷ ತುಂಬಿತು. ಅಪ್ರೂವಲ್ ಎಂಬುದು ಸಂಗ್ರಾಹಕರಿಗೆ ಹಳೆಯ ಪರಿಚಯದ ಪದ್ಧತಿ. ವ್ಯಾಪಾರಿ ಮುಂಗಡ ಕೇಳದೆ ಹತ್ತು ಹನ್ನೆರಡು ಲಕೋಟೆಗಳ ಕಟ್ಟೊಂದನ್ನು ಕಳಿಸುತ್ತಾರೆ. ನಮಗೆ ಬೇಕಾದದ್ದನ್ನು ಇಟ್ಟುಕೊಂಡು, ಅದರ ಹಣವನ್ನೂ ಉಳಿದ ಲಕೋಟೆಗಳನ್ನೂ ಹತ್ತು ದಿನದೊಳಗೆ ಹಿಂದಿರುಗಿಸಬೇಕು. ಒಂದನ್ನೂ ಕೊಳ್ಳದೆ ಹಿಂದಿರುಗಿಸಿದರೂ ಮುನಿಸಿಲ್ಲ, ಆದರೆ ಹೋಗಿಬರುವ ರಿಜಿಸ್ಟರ್ಡ್ ಅಂಚೆಯ ಖರ್ಚಿನಲ್ಲಿ ಹಿಂದಿರುಗಿಸುವ ಪಾಲು ನಮ್ಮದು. ಅಮೆರಿಕದೊಳಗಿನ ವಿಳಾಸಗಳಿಗೆ ಮಾತ್ರ ಈ ಸೌಲಭ್ಯವಿದೆ. ಮುಂದೆ ಒಂದು ದೂರನ್ನೂ ಹೇಳಲಿರುವುದರಿಂದ, ಮತ್ತು ಆ ದೂರು ಕೊನೆಗೆ ಇತ್ಯರ್ಥವಾದದ್ದರಿಂದ, ವ್ಯಾಪಾರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಕಟ್ಟು ಬರುವ ರೀತಿಗೆ ಪೂರ್ಣ ಅಂಕ ಕೊಡಬೇಕು. ಪ್ರತಿ ಲಕೋಟೆಯೂ ಪಾರದರ್ಶಕ ಪಾಲಿಯೆಸ್ಟರ್ ತೊಡುಗೆಯೊಳಗೆ, ಆಮ್ಲರಹಿತ ರಟ್ಟಿನ ಆಸರೆಯೊಡನೆ ಇರುತ್ತದೆ. ಹಿಂಬದಿಯನ್ನು ನೋಡಲು ಲಕೋಟೆಯನ್ನು ಹೊರತೆಗೆಯಬೇಕಾಗಿಲ್ಲ. ತೊಡುಗೆಯ ಹಿಂದೆ ಟೈಪ್ ಮಾಡಿದ ಒಂದು ಚೀಟಿ. ಗೊಂದಲ ಬೇಡವೆಂದು ಇದನ್ನು ವಿವರಣೆ ಕಾರ್ಡು ಎಂದು ಕರೆಯುತ್ತೇನೆ. ಈ ಸೇವೆಯಲ್ಲಿ ನಾವು ನಿಜವಾಗಿ ದುಡ್ಡು ಕೊಡುವುದು ಈ ಕಾರ್ಡಿಗೆ ಎಂಬುದು ನನ್ನ ಅಭಿಪ್ರಾಯ. ಅದೇ ಲಕೋಟೆ ಹರಾಜಿನ ಪೆಟ್ಟಿಗೆಯೊಂದರಲ್ಲಿ ಇಪ್ಪತ್ತು ಡಾಲರಿಗೆ ಸಿಕ್ಕೀತು. ಇವರಲ್ಲಿ ಮೂವತ್ತು ಆದೀತು. ಆ ಹತ್ತು ಡಾಲರು ಓದಿಕೊಟ್ಟದ್ದಕ್ಕೆ ಕೂಲಿ.

ಓದಿಕೊಡುವುದು ಎಂದರೇನು ಎಂದು ತಿಳಿಯಲು ಮೊದಲ ಕಟ್ಟಿನ ಒಂದು ಲಕೋಟೆಯನ್ನೇ ನೋಡಬಹುದು. ಅದರ ಮೇಲೆ ಅಂಚೆಚೀಟಿಯೇ ಇರಲಿಲ್ಲ. ಎಡಮೂಲೆಯಲ್ಲಿ ಮಸಿಯಲ್ಲಿ ‘ಸೋಲ್ಜರ್ಸ್ ಲೆಟರ್’ ಎಂಬ ಬರಹ, ಅದರ ಕೆಳಗೆ ರೆಜಿಮೆಂಟಿನ ಸಂಖ್ಯೆ, ಒಬ್ಬ ಚಾಪ್ಲೇನ್‌ನ, ಎಂದರೆ ಸೇನೆಯ ಪಾದ್ರಿಯ, ಸಹಿ. ಬಲಮೂಲೆಯಲ್ಲಿ ವಾಷಿಂಗ್ಟನ್ ಅಂಚೆ ಕಚೇರಿಯ ಠಸ್ಸೆ, ಪಕ್ಕದಲ್ಲಿ ‘ಡ್ಯೂ 3’ ಎಂಬ ಮುದ್ರೆ. ನನ್ನಂಥ ಹೊಸಬ ಇದನ್ನು ಚೀಟಿ ಬಿದ್ದುಹೋದ ಲಕೋಟೆ ಎಂದು ಪಕ್ಕಕ್ಕಿಡುತ್ತಿದ್ದ. ಕಾರ್ಡು ಹೇಳಿದ್ದು ಬೇರೆ: ರಣರಂಗದಲ್ಲಿ ಚೀಟಿ ಸಿಗುವುದು ಕಷ್ಟವೆಂದು ಉತ್ತರದ ಸರ್ಕಾರ 1861ರ ಜುಲೈ 22ರ ಕಾಯಿದೆಯ ಮೂಲಕ ಸೈನಿಕರಿಗೆ ಹಣ ಕಟ್ಟದೆಯೇ ಕಾಗದ ಹಾಕಲು ಅವಕಾಶ ಕೊಟ್ಟಿತ್ತು, ಅಧಿಕಾರಿಯೊಬ್ಬರ ದೃಢೀಕರಣವಿದ್ದರೆ ಸಾಕು, 3 ಸೆಂಟನ್ನು ಕಾಗದ ಪಡೆದವರು ಕೊಡಬೇಕು. ಎಷ್ಟೋ ಸಲ ಈ ಸಹಿ ಹಾಕುತ್ತಿದ್ದವರು ರೆಜಿಮೆಂಟಿನ ಪಾದ್ರಿಗಳು. ಚೀಟಿ ಇಲ್ಲದಿರುವುದೇ ಆ ಲಕೋಟೆಯ ವಿಷಯವಾಗಿತ್ತು. ಕೊಟ್ಟದ್ದು 35 ಡಾಲರು. ಇಂದಿಗೂ ನನ್ನ ಆಲ್ಬಮ್ಮಿನ ಮೊದಲ ಪುಟ ಅದೇ.

ಉತ್ತರದ ಚೀಟಿಗಳ ಮಟ್ಟಿಗೆ ಇವರ ಸಂಗ್ರಹ ಸಾಧಾರಣ. ವಾಷಿಂಗ್ಟನ್ನರ ಮುಖವಿರುವ 3 ಸೆಂಟಿನ ಗುಲಾಬಿ ಬಣ್ಣದ ಚೀಟಿಯ ಲಕೋಟೆಗಳು ಎಲ್ಲೆಲ್ಲೂ ಸಿಗುವಂಥವು. ಠಸ್ಸೆ ಸೊಗಸಾಗಿದ್ದರೆ, ಊರು ಅಪರೂಪದ್ದಾಗಿದ್ದರೆ, ಅಥವಾ ಅಂಚೆ ಮಾಸ್ತರ ಬಿರಡೆಯನ್ನು ಕೊರೆದು ನಕ್ಷತ್ರವನ್ನೋ ಗುರಾಣಿಯನ್ನೋ ಒತ್ತಿದ್ದರೆ ಮಾತ್ರ ಇಟ್ಟುಕೊಳ್ಳಬೇಕು. ಬಣ್ಣದ ವಿಷಯದಲ್ಲಿ ಇವರ ಮಾತನ್ನು ನಾನು ನಂಬುವುದನ್ನು ಬಿಟ್ಟಿದ್ದೇನೆ. ಅಂಚೆಚೀಟಿಗಳಿಗೆ ಸಂಖ್ಯೆ, ಬೆಲೆ ಕೊಡುವ ಸ್ಕಾಟ್ ಕ್ಯಾಟಲಾಗಿನಲ್ಲಿ 64ನೆಯ ಸಂಖ್ಯೆಯ ‘ಪಿಂಕ್’ ದುಬಾರಿ, 65ನೆಯ ‘ರೋಸ್’ ಅಗ್ಗ. ಎರಡರ ನಡುವಿನ ಛಾಯೆಗಳನ್ನೆಲ್ಲ ಇವರ ಕಾರ್ಡುಗಳು ದುಬಾರಿಯ ಕಡೆಗೇ ವಾಲಿಸುತ್ತವೆ. ಎರಡು ಸಲ ಹಗಲು ಬೆಳಕಿನಲ್ಲಿ ಖಚಿತ ಮಾದರಿಯ ಪಕ್ಕ ಇಟ್ಟು ನೋಡಿ ಹಿಂದಿರುಗಿಸಿದೆ. ವಾದಿಸದೆ ಒಪ್ಪಿಕೊಂಡರು, ಮೂರನೆಯ ಸಲ ಮತ್ತೆ ಹಾಗೆಯೇ ಕಳಿಸಿದರು.

ಆದರೆ ಕೊಳ್ಳಲಾಗದಿದ್ದರೂ ನೋಡಲೆಂದೇ ಕಳಿಸುವ ಒಂದು ಒಳ್ಳೆಯ ಅಭ್ಯಾಸ ಇವರಿಗಿದೆ. ಯುದ್ಧ ಆರಂಭವಾದಾಗ ದಕ್ಷಿಣದ ಅಂಚೆ ಕಚೇರಿಗಳಲ್ಲಿ ಹಳೆಯ ಚೀಟಿಗಳ ದೊಡ್ಡ ದಾಸ್ತಾನಿತ್ತು. ಅವು ಉತ್ತರಕ್ಕೆ ನುಸುಳಿ ಹಣವಾಗಿ ಮಾರ್ಪಡಬಹುದೆಂಬ ಭಯದಿಂದ 1861ರ ಆಗಸ್ಟಿನಿಂದ ಹೊಸ ಚೀಟಿಗಳನ್ನು ಹೊರಡಿಸಿ, ಹಳೆಯವನ್ನು ಬದಲಿಸಿಕೊಳ್ಳಲು ಸ್ವಲ್ಪ ಗಡುವು ಕೊಟ್ಟು, ಆಮೇಲೆ ಅವು ಚಲಾವಣೆಯಲ್ಲಿಲ್ಲವೆಂದು ಸಾರಲಾಯಿತು. ಗಡುವು ಮುಗಿದ ಮೇಲೆ ಹಳೆಯ ಚೀಟಿ ಅಂಟಿಸಿ ಹಾಕಿದ ಕಾಗದಗಳ ಮೇಲೆ ಫಿಲಡೆಲ್ಫಿಯಾದಲ್ಲಿ ‘ಓಲ್ಡ್ ಸ್ಟ್ಯಾಂಪ್ಸ್ ನಾಟ್ ರೆಕಗ್ನೈಸ್ಡ್’ ಎಂಬ ಠಸ್ಸೆ ಬೀಳುತ್ತಿತ್ತು. ಅಂಥದೊಂದನ್ನು ನನ್ನ ಶಕ್ತಿಗೆ ಮೀರಿದ ಬೆಲೆ ಹಾಕಿ ಕಟ್ಟಿನಲ್ಲಿ ಸೇರಿಸಿದ್ದರು. ಜೊತೆಯ ಚೂರು ಕಾಗದದಲ್ಲಿ ‘ನೋಡಿ ಹಿಂದಿರುಗಿಸಿ’ ಎಂದಷ್ಟೇ ಇತ್ತು. ಎಂಟು ದಿನ ಮನೆಯಲ್ಲಿಟ್ಟುಕೊಂಡು ನೋಡಿದೆ.

ಇವರ ಹಿಡಿತ ನಿಜವಾಗಿ ತಿಳಿಯುವುದು ದಕ್ಷಿಣದ, ಎಂದರೆ ಕಾನ್ಫೆಡರೇಟ್ ಸರ್ಕಾರದ ಅಂಚೆಯಲ್ಲಿ. ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದ ಟೆಕ್ಸಾಸಿನ ಜಾನ್ ಎಚ್. ರೇಗನ್ ಅವರ ಕೈಕೆಳಗೆ 1861ರ ಜೂನ್ 1ರಂದು ಆ ಸರ್ಕಾರದ ಅಂಚೆ ಇಲಾಖೆ ತನ್ನದೇ ಅಂಚೆಯನ್ನು ನಡೆಸತೊಡಗಿದಾಗ ಅದರ ಬಳಿ ಒಂದೇ ಒಂದು ಚೀಟಿಯೂ ಇರಲಿಲ್ಲ. ಅಕ್ಟೋಬರಿನಲ್ಲಿ ದಕ್ಷಿಣದ ರಾಜಧಾನಿ ರಿಚ್ಮಂಡಿನ ಹೋಯರ್ ಅಂಡ್ ಲುಡ್ವಿಗ್ ಮುದ್ರಣಾಲಯ ಅಲ್ಲಿನ ಅಧ್ಯಕ್ಷ ಜೆಫರ್ಸನ್ ಡೇವಿಸರ ಚಿತ್ರದ 5 ಸೆಂಟಿನ ಹಸಿರು ಚೀಟಿಯನ್ನು ಕಲ್ಲಚ್ಚಿನಲ್ಲಿ ಹೊರತರುವವರೆಗೆ ಊರೂರಿನ ಅಂಚೆ ಮಾಸ್ತರರು ‘ಪೇಯ್ಡ್’ ಎಂದು ಕೈಮುದ್ರೆ ಒತ್ತಿ ಕಳಿಸಿದರು. ನ್ಯೂ ಆರ್ಲಿಯನ್ಸ್, ಮೆಂಫಿಸ್, ನ್ಯಾಶ್‌ವಿಲ್ ಮುಂತಾದ ಕಡೆ ತಮ್ಮದೇ ತಾತ್ಕಾಲಿಕ ಚೀಟಿಗಳನ್ನು ಅಚ್ಚು ಹಾಕಿಸಿದವರೂ ಉಂಟು. ದರ ಮೊದಲು 500 ಮೈಲಿಯೊಳಗೆ 5 ಸೆಂಟು, ಅದರಾಚೆಗೆ 10 ಸೆಂಟು. 1862ರ ಜುಲೈ 1ರಿಂದ ದೂರ ಎಷ್ಟೇ ಇರಲಿ 10 ಸೆಂಟು. ಆ ಕಾಲದ ಬಹಳಷ್ಟು ಠಸ್ಸೆಗಳಲ್ಲಿ ತಿಂಗಳು, ತಾರೀಖು ಇರುತ್ತದೆಯೇ ಹೊರತು ವರ್ಷವಿರುವುದಿಲ್ಲ. ಹಾಗಾಗಿ ದರ, ಚೀಟಿಯ ಮುದ್ರಣ, ಪಡೆದವರ ಟಿಪ್ಪಣಿ ಇವುಗಳನ್ನು ಹೆಣೆದೇ ವರ್ಷ ಕಂಡುಹಿಡಿಯಬೇಕು. ಇವರ ಕಾರ್ಡುಗಳು ಈ ಹೆಣಿಗೆಯನ್ನು ಹಂತಹಂತವಾಗಿ ಬಿಡಿಸಿ ತೋರಿಸುತ್ತವೆ. ಬೇರೆ ವ್ಯಾಪಾರಿಗಳು ‘ಸುಮಾರು 1863’ ಎಂದು ಬರೆದು ಕೈತೊಳೆದುಕೊಳ್ಳುವಲ್ಲಿ ಇವರು ಏಕೆ 1863 ಎಂಬುದನ್ನು ಬರೆಯುತ್ತಾರೆ.

ಎರಡನೆಯ ವರ್ಷ ಬಂದ ‘ಟರ್ನ್ಡ್ ಕವರ್’ ಒಂದನ್ನು ಇಲ್ಲಿ ಹೇಳಲೇಬೇಕು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಹಾಕಿದ ದಿಗ್ಬಂಧನದಿಂದ ಅಲ್ಲಿ ಕಾಗದಕ್ಕೆ ಬರ ಬಂದಿತ್ತು. ಗೋಡೆಗೆ ಅಂಟಿಸುವ ಹೂವಿನ ಚಿತ್ತಾರದ ಕಾಗದ, ಲೆಕ್ಕದ ಪುಸ್ತಕದ ಹಾಳೆ, ಖಾಲಿ ಉಳಿದ ಸರ್ಕಾರಿ ನಮೂನೆ, ಎಲ್ಲವೂ ಲಕೋಟೆಗಳಾದವು. ಅದೂ ಇಲ್ಲದವರು ಬಂದ ಲಕೋಟೆಯ ಅಂಟನ್ನು ಬಿಡಿಸಿ, ಒಳಮೈ ಹೊರಮಾಡಿ ಮಡಿಸಿ, ಮತ್ತೆ ಅಂಟಿಸಿ ಬಳಸಿದರು. ನನಗೆ ಬಂದದ್ದು ಅಂಥದ್ದು. ಹೊರಗೆ ಆರ್ಚರ್ ಅಂಡ್ ಡೇಲಿ ಎಂಬ ಮುದ್ರಕರ ಕೆತ್ತನೆಯ 10 ಸೆಂಟಿನ ನೀಲಿ ಚೀಟಿ, ಕತ್ತರಿಯಲ್ಲಿ ಕತ್ತರಿಸಿದ್ದು. ಮೂರು ಕಡೆ ಅಂಚು ಸಾಕಷ್ಟಿದ್ದು, ಕೆಳಗೆ ಕತ್ತರಿ ಚೌಕಟ್ಟಿನ ಗೆರೆಯನ್ನು ಸವರಿಕೊಂಡು ಹೋಗಿದೆ. ಮಸಿ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಲಕೋಟೆಯ ಒಂದು ಬದಿಯ ಅಂಟು ತಾನಾಗಿಯೇ ಬಿಟ್ಟಿದ್ದರಿಂದ ಒಳಗೆ ಇಣುಕಿದರೆ ಅಲ್ಲೊಂದು ಬೇರೆಯೇ ವಿಳಾಸ, ಬೇರೆ ಕೈಬರಹ, 5 ಸೆಂಟಿನ ನೀಲಿ ಡೇವಿಸ್ ಚೀಟಿಗಳ ಜೋಡಿ. ಮೊದಲ ಬಳಕೆ 10 ಸೆಂಟಿನ ಏಕದರ ಬಂದ ಮೇಲಿನದು, ಎರಡನೆಯದು ಕೆತ್ತನೆಯ ಚೀಟಿ ಬಂದ 1863ರ ನಂತರದ್ದು ಎಂದು ಕಾರ್ಡು ಲೆಕ್ಕ ಹಾಕಿತ್ತು. ಅದಕ್ಕಿಂತ ನನಗೆ ಮೆಚ್ಚಿಗೆಯಾದದ್ದು, ಒಳಮೈಯನ್ನು ತೋರಿಸಲೆಂದು ಇವರು ಉಳಿದ ಅಂಟನ್ನು ಬಿಡಿಸದೆ, ಬಿಟ್ಟಷ್ಟರಲ್ಲೇ ಒಳಗಿನ ಚಿತ್ರ ತೆಗೆದು ಅಚ್ಚು ಹಾಕಿ ಜೊತೆಗಿಟ್ಟದ್ದು. ಬಿಡಿಸಿ ಚಪ್ಪಟೆ ಮಾಡಿದರೆ ಪ್ರದರ್ಶನಕ್ಕೆ ಚೆಂದ, ಬೆಲೆಯೂ ಏರೀತು. ಆದರೆ ನೂರಅರವತ್ತು ವರ್ಷದ ಹಿಂದೆ ಯಾರೋ ಅಡುಗೆಮನೆಯ ಹಿಟ್ಟಿನಂಟಿನಲ್ಲಿ ಕೂಡಿಸಿದ್ದಿರಬಹುದಾದ ಅಂಚನ್ನು ಬಿಡಿಸುವ ಹಕ್ಕು ವ್ಯಾಪಾರಿಗೆ ಇದೆಯೆಂದು ನನಗನ್ನಿಸುವುದಿಲ್ಲ. 210 ಡಾಲರಿಗೆ ಇಟ್ಟುಕೊಂಡೆ. ಆ ತಿಂಗಳು ಬೇರೇನೂ ಕೊಳ್ಳಲಿಲ್ಲ.

ಯುದ್ಧಕೈದಿಗಳ ಕಾಗದಗಳ ಬಗ್ಗೆಯೂ ಇವರ ವಿವರಣೆ ಅಷ್ಟೇ ಚೊಕ್ಕ. ಈರಿ ಸರೋವರದ ಸಾಂಡಸ್ಕಿ ಕೊಲ್ಲಿಯಲ್ಲಿರುವ ಜಾನ್ಸನ್ಸ್ ಐಲೆಂಡ್ ಸೆರೆಮನೆಯಲ್ಲಿ ದಕ್ಷಿಣದ ಅಧಿಕಾರಿಗಳನ್ನು ಇಟ್ಟಿದ್ದರು; ಓದುಬರಹ ಬಲ್ಲವರು, ಬಂಧುಗಳಿದ್ದವರು ಆದ್ದರಿಂದ ಅಲ್ಲಿನ ಲಕೋಟೆಗಳು ಇಂದಿಗೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ನನ್ನ ಬಳಿಯಿರುವುದರ ಮೇಲೆ ಎರಡು ಸರ್ಕಾರಗಳ ಗುರುತೂ ಇದೆ: 3 ಸೆಂಟಿನ ಗುಲಾಬಿ ಚೀಟಿಯ ಮೇಲೆ ಸಾಂಡಸ್ಕಿಯ ಠಸ್ಸೆ, ಪರೀಕ್ಷಕ ಓದಿ ನೋಡಿದ್ದಕ್ಕೆ ‘ಎಕ್ಸಾಮಿನ್ಡ್’ ಎಂಬುದರ ಸಂಕ್ಷೇಪ, ಕೆಳಗೆ ರಿಚ್ಮಂಡಿನ ಠಸ್ಸೆ ಮತ್ತು ‘ಡ್ಯೂ 10’. ಕಾಗದ ಒಂದೇ ಪುಟದ್ದಾಗಿರಬೇಕು, ಮನೆಯ ಸುದ್ದಿಯಲ್ಲದೆ ಬೇರೆ ಇರಬಾರದು; ಬಿಳಿ ಬಾವುಟ ಹಾರಿಸಿದ ದೋಣಿಯಲ್ಲಿ ವರ್ಜೀನಿಯಾ ಕರಾವಳಿಯಲ್ಲಿ ಉತ್ತರದವರ ಕೈಯಲ್ಲಿದ್ದ ಫೋರ್ಟ್ರೆಸ್ ಮನ್ರೋ ಕೋಟೆಯ ಕಡೆಯಿಂದ ಅದು ಗಡಿ ದಾಟಬೇಕು. ಈ ಮಾರ್ಗವನ್ನು ಕಾರ್ಡಿನ ಹಿಂದೆ ಒಂದು ಚಿಕ್ಕ ನಕ್ಷೆಯಾಗಿ ಕೈಯಲ್ಲೇ ಬರೆದು ಕಳಿಸಿದ್ದರು. ಆ ನಕ್ಷೆಯನ್ನೂ ಆಲ್ಬಮ್ಮಿನಲ್ಲಿಟ್ಟಿದ್ದೇನೆ.

ಬೆಲೆಯಲ್ಲಿ ಇವರು ತಪ್ಪುವುದು ದೇಶಭಕ್ತಿಯ ಲಕೋಟೆಗಳಲ್ಲಿ. ಬಾವುಟ, ಹದ್ದು, ಫಿರಂಗಿ, ಸ್ವಾತಂತ್ರ್ಯದೇವಿ, ನೇಣಿಗೇರುತ್ತಿರುವ ಜೆಫರ್ಸನ್ ಡೇವಿಸರ ವ್ಯಂಗ್ಯಚಿತ್ರ ಇತ್ಯಾದಿಗಳನ್ನು ಮುದ್ರಿಸಿದ ಲಕೋಟೆಗಳು ಉತ್ತರದಲ್ಲಿ ಸಾವಿರಾರು ವಿನ್ಯಾಸಗಳಲ್ಲಿ ಬಂದವು. ನ್ಯೂಯಾರ್ಕಿನ ಚಾರ್ಲ್ಸ್ ಮ್ಯಾಗ್ನಸ್ ಕೈಯಿಂದ ಬಣ್ಣ ತುಂಬಿಸಿಯೂ ಮಾರುತ್ತಿದ್ದರು. ಯುದ್ಧ ನಡೆಯುತ್ತಿರುವಾಗಲೇ ಜನ ಇವುಗಳನ್ನು ಸಂಗ್ರಹಿಸಿ ಆಲ್ಬಮ್ಮುಗಳಿಗೆ ಅಂಟಿಸಿಕೊಂಡದ್ದರಿಂದ ಬಳಸದ ಪ್ರತಿಗಳು ಇಂದೂ ಹೇರಳವಾಗಿವೆ. ಅಂಚೆಯಲ್ಲಿ ಹೋಗಿಬಂದವೇ ವಿರಳ. ಇವರು ಬಳಸದವಕ್ಕೂ 40 ಡಾಲರು ಹಾಕುತ್ತಾರೆ. ಅಂಚೆಚೀಟಿ ಮೇಳಗಳಲ್ಲಿ ಅದರ ಮೂರನೆಯ ಒಂದು ಭಾಗಕ್ಕೆ ನಾನು ಕೊಂಡಿದ್ದೇನೆ. ದಕ್ಷಿಣದ ದೇಶಭಕ್ತಿಯ ಲಕೋಟೆಗಳ ಮಾತು ಬೇರೆ. ಅವುಗಳ ಬಾವುಟದಲ್ಲಿ ಏಳು ನಕ್ಷತ್ರಗಳಿವೆಯೋ ಹನ್ನೊಂದೋ ಹದಿಮೂರೋ ಎಂದು ಎಣಿಸಿದರೆ ವಿನ್ಯಾಸ ಯಾವ ತಿಂಗಳಿಗಿಂತ ಮುಂಚಿನದಲ್ಲ ಎಂಬುದು ತಿಳಿಯುತ್ತದೆ, ಬೆಲೆಯೂ ಹಾಗೆಯೇ ಏರುತ್ತದೆ, ಖೋಟಾ ಕೂಡ ಅಲ್ಲೇ ಹೆಚ್ಚು.

ಖೋಟಾ ಎಂದ ಮೇಲೆ ನನ್ನ ದೂರಿಗೆ ಬರಬೇಕು. ವರ್ಜೀನಿಯಾದ ಒಂದು ಸಣ್ಣ ಊರಿನಿಂದ ಅಲಬಾಮಾದ ಮೊಬೈಲ್ ನಗರಕ್ಕೆ ಹೋದ ಲಕೋಟೆ, ಮೇಲೆ ಥಾಮಸ್ ಜೆಫರ್ಸನ್ನರ ಚಿತ್ರದ 10 ಸೆಂಟಿನ ನೀಲಿ ಕಲ್ಲಚ್ಚಿನ ಚೀಟಿ, ಠಸ್ಸೆ ಚೀಟಿಯ ಅಂಚನ್ನು ದಾಟಿ ಲಕೋಟೆಯ ಮೇಲೂ ಹರಡಿದೆ, 140 ಡಾಲರು. ಠಸ್ಸೆ ಹೀಗೆ ಎರಡರ ಮೇಲೂ ಬಿದ್ದಿದ್ದರೆ ಚೀಟಿ ಆ ಲಕೋಟೆಗೇ ಸೇರಿದ್ದೆಂದು ಸಾಮಾನ್ಯವಾಗಿ ನಂಬಬಹುದು. ನಂಬಿದೆ, ಹಣ ಕಳಿಸಿದೆ. ನಾಲ್ಕು ತಿಂಗಳ ನಂತರ ಪುಟ ಹೊಂದಿಸುವಾಗ ಹಿಂಬದಿಯ ಮಡಿಕೆಯನ್ನು ಮೆಲ್ಲಗೆ ಎತ್ತಿದರೆ ಒಳಗೆ ಸೀಸದಕಡ್ಡಿಯಲ್ಲಿ, ಮೊಬೈಲಿನಲ್ಲಿ ಕಾಗದ ಪಡೆದವರ ಕೈಯಲ್ಲಿ, ಉತ್ತರ ಬರೆದ ದಿನದ ಟಿಪ್ಪಣಿ: ಆಗಸ್ಟ್ 19, 1861. ಆ ಚೀಟಿ ಹೊರಬಂದದ್ದೇ ಅದೇ ವರ್ಷದ ನವೆಂಬರಿನಲ್ಲಿ. ಆಮೇಲೆ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು, ದೀಪವನ್ನು ಪಕ್ಕದಿಂದ ಓರೆಯಾಗಿ ಬೀಳಿಸಿ ನೋಡಿದೆ. ಚೀಟಿಯ ಮೇಲಿನ ಕಮಾನು ಲಕೋಟೆಯ ಮೇಲಿನ ಠಸ್ಸೆಯ ವೃತ್ತಕ್ಕೆ ಕೂದಲೆಳೆಯಷ್ಟು ಹೊರಗಿತ್ತು, ಮಸಿಯ ಕಪ್ಪು ಬೇರೆಯಿತ್ತು, ಮತ್ತು ಚೀಟಿಯ ಕೆಳಗಿಂದ ಒಂದು ಅಕ್ಷರದ ಬಾಲ ಹೊರಗೆ ಚಾಚಿತ್ತು. ‘ಪೇಯ್ಡ್ 10’ ಎಂಬ ಕೈಮುದ್ರೆಯ ಮೇಲೆಯೇ ಯಾರೋ ಚೀಟಿ ಅಂಟಿಸಿ, ಠಸ್ಸೆಯ ತುಂಡನ್ನು ಕುಂಚದಲ್ಲಿ ಬರೆದು ಪೂರ್ತಿ ಮಾಡಿದ್ದರು. ಸಿಟ್ಟು ಬಂದದ್ದು ದುಡ್ಡಿಗಲ್ಲ. ಚೀಟಿಯಿಲ್ಲದ ಆ ಮೊದಲ ತಿಂಗಳುಗಳ ಕೈಮುದ್ರೆಯ ಲಕೋಟೆಗೇ ಒಳ್ಳೆಯ ಬೇಡಿಕೆಯಿರುವಾಗ, ಅದನ್ನು ಕೆಡಿಸಿ ಕೆಡುಕಿಗೆ ಹೆಚ್ಚು ಬೆಲೆ ಕಟ್ಟಿದ್ದರು.

ಖೋಟಾ ಮಾಡಿದವರು ನಮ್ಮ ವ್ಯಾಪಾರಿಯಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದು ಎಷ್ಟೋ ದಶಕಗಳ ಹಿಂದಿನ ಕೈಚಳಕವಿದ್ದೀತು. ನನ್ನ ಆಕ್ಷೇಪ ಅವರು ನಡೆದುಕೊಂಡ ರೀತಿಗೆ. ಹತ್ತು ದಿನದ ಗಡುವು ಮುಗಿದಿದೆ, ಟಿಪ್ಪಣಿಯನ್ನು ಬೇರೆ ಕಾಗದಕ್ಕೆ ಸಂಬಂಧಿಸಿ ಬರೆದಿರಬಹುದು ಎಂದು ಮೊದಲ ಉತ್ತರ ಬಂತು. ದರ, ದೂರ, ಚೀಟಿಯ ತಿಂಗಳು ಇವನ್ನು ಹೆಣೆದು ವರ್ಷ ಹೇಳುವುದನ್ನು ನನಗೆ ಕಲಿಸಿದ್ದೇ ಇವರ ಕಾರ್ಡುಗಳು. ಅದೇ ತರ್ಕವನ್ನು ಅವರಿಗೇ ಎರಡು ಪುಟ ಬರೆದು ಕಳಿಸಿದೆ. ತಜ್ಞರ ಸಮಿತಿಗೆ ಕಳಿಸೋಣ, ಖೋಟಾ ಎಂದು ಬಂದರೆ ಶುಲ್ಕವನ್ನು ತಾವೇ ಭರಿಸಿ ಲಕೋಟೆಯ ಹಣವನ್ನೂ ಹಿಂದಿರುಗಿಸುತ್ತೇವೆ ಎಂದು ಆಮೇಲೆ ಒಪ್ಪಿದರು. ಚೀಟಿ ಈ ಲಕೋಟೆಗೆ ಸೇರಿದ್ದಲ್ಲ ಎಂಬ ಅಭಿಪ್ರಾಯ ಬಂತು, ಹಣವೂ ಪೂರ್ತಿ ಬಂತು. ಒಟ್ಟು ಏಳು ತಿಂಗಳು. ಅಂದಿನಿಂದ ಅವರ ನಿಯಮದ ಹಾಳೆಯಲ್ಲಿ ಒಂದು ಸಾಲು ಹೆಚ್ಚಾಗಿದೆ: 100 ಡಾಲರು ದಾಟಿದ ಯಾವುದೇ ಲಕೋಟೆಯನ್ನು ಪ್ರಮಾಣಪತ್ರದ ಷರತ್ತಿನ ಮೇಲೆ ಕೊಳ್ಳಬಹುದು, ಅಭಿಪ್ರಾಯ ಬರುವವರೆಗೆ ಗಡುವಿಲ್ಲ. ಈ ಸಾಲಿಲ್ಲದ ವ್ಯಾಪಾರಿಯ ಬಳಿ ಈ ಕಾಲದ ಲಕೋಟೆಗಳನ್ನು ಕೊಳ್ಳಲೇಬೇಡಿ. ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಷನ್, ಪೆನ್ಸಿಲ್ವೇನಿಯಾದ ಬೆಲ್‌ಫಾಂಟಿನಲ್ಲಿರುವ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿ, ಹಿಂದೆ ಕಾನ್ಫೆಡರೇಟ್ ಸ್ಟ್ಯಾಂಪ್ ಅಲಯನ್ಸ್ ಎಂದಿದ್ದ ಈಗಿನ ಸಿವಿಲ್ ವಾರ್ ಫಿಲಾಟೆಲಿಕ್ ಸೊಸೈಟಿ, ಮೂರೂ ಪರೀಕ್ಷಿಸಿ ಅಭಿಪ್ರಾಯ ಕೊಡುತ್ತವೆ. ಕಾನ್ಫೆಡರೇಟ್ ಚೀಟಿಗಳ ನಕಲುಗಳಂತೂ ಸ್ಮಾರಕದ ಅಂಗಡಿಗಳಲ್ಲಿ ಬಹಿರಂಗವಾಗಿಯೇ ಮಾರಾಟವಾಗಿವೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಬರುವವುಗಳಲ್ಲಿ ಅವೇ ಹೆಚ್ಚು.

ಉಳಿದ ಸಂಗತಿಗಳು ಚಿಕ್ಕವು. ಕಾರ್ಡುಗಳು ದರ ಮತ್ತು ಮಾರ್ಗದ ಬಗ್ಗೆ ಎಷ್ಟು ಧಾರಾಳವೋ ಕಾಗದದ ಸ್ಥಿತಿಯ ಬಗ್ಗೆ ಅಷ್ಟೇ ಜಿಪುಣ. ಬಲಗಡೆ ಹರಿದು ಗಿಡ್ಡವಾದ ಲಕೋಟೆ, ಹಿಂಬದಿಯ ಮಡಿಕೆ ಇಲ್ಲದ್ದು, ಚೀಟಿಯಡಿಯಲ್ಲಿ ಕಾಗದ ತೆಳುವಾದದ್ದು, ಇವನ್ನೆಲ್ಲ ನಾವೇ ಕಂಡುಕೊಳ್ಳಬೇಕು. ಜೊತೆಗೆ ಮಾರುವ ಆಲ್ಬಮ್ಮಿನ ಮೆತ್ತನೆಯ ಪ್ಲಾಸ್ಟಿಕ್ ಪುಟಗಳು, ಕಾಲಕ್ರಮದಲ್ಲಿ ಚೀಟಿ ಕಾಗದಗಳನ್ನು ಕೆಡಿಸುವ ಪಿವಿಸಿಯ ವಾಸನೆ ಹೊಡೆಯುತ್ತವೆ. ಲಕೋಟೆಗೆ ಅಷ್ಟು ಒಳ್ಳೆಯ ತೊಡುಗೆ ಹಾಕುವವರು ಇದನ್ನೇಕೆ ಮಾರುತ್ತಾರೋ ತಿಳಿಯದು. ಕೊಳ್ಳಬೇಡಿ. ನೀರಿನಲ್ಲಿ ನೆನೆಸಿ ಚೀಟಿಯನ್ನು ಬಿಡಿಸುವ ಅಭ್ಯಾಸವಿದ್ದವರು ಈ ಸೇವೆಗೆ ಸೇರುವ ಮುನ್ನ ಅದನ್ನು ಬಿಟ್ಟುಬಿಡಬೇಕು, ಏಕೆಂದರೆ ಇಲ್ಲಿ ಬೆಲೆಯಿರುವುದು ಚೀಟಿ, ಠಸ್ಸೆ, ವಿಳಾಸ ಮೂರೂ ಒಂದೇ ಕಾಗದದ ಮೇಲೆ ಕೂಡಿರುವುದಕ್ಕೆ.

ಈಗಾಗಲೇ ಪಳಗಿದವರಿಗೆ ಹರಾಜುಗಳೇ ಅಗ್ಗ. ತಿಂಗಳಿಗೆ ಐವತ್ತರಿಂದ ನೂರು ಡಾಲರು ತೆಗೆದಿಡಬಲ್ಲ, ಲಕೋಟೆಯನ್ನು ಕೈಯಲ್ಲಿ ಹಿಡಿದೇ ಕಲಿಯಬೇಕೆನ್ನುವ ಹೊಸಬರಿಗೆ ಈ ಸೇವೆಯನ್ನು ಧೈರ್ಯವಾಗಿ ಹೇಳುತ್ತೇನೆ. ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಆ ಏಳು ತಿಂಗಳಿಗೆ.

1863ರ ಜುಲೈನಲ್ಲಿ ದಕ್ಷಿಣದವರ ಕೈಯಲ್ಲಿದ್ದ ವಿಕ್ಸ್‌ಬರ್ಗ್ ನಗರ ಬಿದ್ದು ಮಿಸಿಸಿಪಿ ನದಿ ಉತ್ತರದವರ ಕೈಸೇರಿದ ಮೇಲೆ, ದಕ್ಷಿಣದ ಅಂಚೆಯವರು ಕಣ್ತಪ್ಪಿಸಿ ನದಿ ದಾಟಿಸುತ್ತಿದ್ದ ಕಾಗದಗಳಿಗೆ ಅರ್ಧ ಔನ್ಸಿಗೆ 40 ಸೆಂಟು ವಿಶೇಷ ದರವಿತ್ತು. 10 ಸೆಂಟಿನ ನಾಲ್ಕು ಚೀಟಿಗಳು ಸಾಲಾಗಿ ಅಂಟಿರುವ ಅಂಥ ಲಕೋಟೆ ಬಂದರೆ ತಿಳಿಸಿ ಎಂದು ಕಳೆದ ತಿಂಗಳು ಬರೆದಿದ್ದೆ. ‘ನಿಮ್ಮ ಬಜೆಟ್ಟಿಗೆ ಬರುವುದಿಲ್ಲ, ಆದರೆ ಬಂದಾಗ ನೋಡಲು ಕಳಿಸುತ್ತೇನೆ’ ಎಂದು ಉತ್ತರ ಬಂದಿದೆ.